ಪಾಲಿಗೆ ಬಂದ ಹಾಲು

"ಇನ್ನೊಂದ್ಸಲ ಹೇಳ್ರಿ, ಪ್ರೇಮಕ್ಕಾ. ಅರ್ಥ ಹೇಳಬ್ಯಾಡ್ರಿ. ಕಿವಿಗೆ ಬಿದ್ದದ್ದಷ್ಟ ಹೇಳ್ರಿ."

ವಕೀಲ ರಾಘಣ್ಣ ಹೊಲಿಗೆಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು ಪೆಡಲನ್ನು ಸುಮ್ಮನೆ ತುಳಿಯುತ್ತಿದ್ದ. ದಾರವಿಲ್ಲದ ಸೂಜಿ ಟಕಟಕನೆ ಗಾಳಿಯನ್ನು ಹೊಲಿಯುತ್ತಿತ್ತು.

ಎದುರಿಗೆ ಗೋಡೆಗೊರಗಿ ನಿಂತಿದ್ದವಳು ಪ್ರೇಮಾಬಾಯಿ, ಆದೋನಿ ಮಹಿಳಾ ಸೇವಾ ಸಮಾಜದ ಕಾರ್ಯದರ್ಶಿ. ಆ ಮಧ್ಯಾಹ್ನ ಸಮಾಜದ ಬೆಳ್ಳಿಹಬ್ಬ. ಸಭೆಯ ಹಾಲಿನಲ್ಲಿ ಹೆಂಗಸರು ಸೇರಿದ ಮೇಲೆ ಇಪ್ಪತ್ತೈದು ವರ್ಷದ ಚರಿತ್ರೆಯನ್ನು ಆಕೆಯೇ ಓದಬೇಕು. ಓದಿದ್ದು ನಾಳೆ ಅಚ್ಚಿಗೆ ಹೋಗಬೇಕು.

ಆ ಚರಿತ್ರೆಯಲ್ಲಿ ಒಂದು ಸಾಲಿತ್ತು. ಸಮಾಜಕ್ಕೆ ತಮ್ಮ ಮನೆಯನ್ನೇ ಬಿಟ್ಟುಕೊಟ್ಟ ಸುಭದ್ರಮ್ಮನವರು ೧೯೩೪ರಲ್ಲಿ, ನಂಬಿದವಳೊಬ್ಬಳು ತಂದ ವಿಷದ ಹಾಲಿಗೆ ಬಲಿಯಾದರು.

ನಂಬಿದವಳ ಹೆಸರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಊರಿಗೆಲ್ಲ ಗೊತ್ತು, ಸೂಲಗಿತ್ತಿ ದಸ್ತಗಿರಮ್ಮ. ಆ ಸಾಲನ್ನು ತೆಗೆಸಿಕೊಡು ಎಂದು ಆಕೆ ಗೋನೆಗಂಡ್ಲದಿಂದ ಬಸ್ಸು ಹತ್ತಿ ಬಂದು ಕೇಳಿದ್ದಕ್ಕೇ ರಾಘಣ್ಣ ಈ ಹಳೆಯ ಸಾವಿನ ಬೆನ್ನು ಹತ್ತಿದ್ದ.

ತಮಾಷೆಯೆಂದರೆ, ದಸ್ತಗಿರಮ್ಮನನ್ನು ಯಾರೂ ದಸ್ತಗಿರಿ ಮಾಡಿರಲಿಲ್ಲ. ಅಂದಿನ ಹಿರಿಯರು ಪೊಲೀಸರಿಗೆ ತಿಳಿಸದೆ, ಹೆಣವನ್ನು ಅವಸರದಲ್ಲಿ ಸುಟ್ಟು, ಮರುದಿನವೇ ಆಕೆಗೆ ಊರು ಬಿಡಿಸಿದ್ದರು. ಪೊಲೀಸರು ಹಿಡಿದಿದ್ದರೆ ಕೋರ್ಟಾದರೂ ಬಿಡುತ್ತಿತ್ತು. ಊರು ಮಾಡಿದ ದಸ್ತಗಿರಿಗೆ ಜಾಮೀನಿಲ್ಲ.

"ಎನ್ನಿ ಸಾರ್ಲು, ಎಷ್ಟು ಸಲ ಹೇಳಲಿ, ರಾಘಣ್ಣಾ?" ಪ್ರೇಮಾಬಾಯಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಚೆವುಲಾರಾ ವಿನ್ನಾನು, ಈ ಕಿವಿಲೇ ಕೇಳೀನಿ. 'ದಸ್ತಗಿರಿ ಪಾಲು... ದಸ್ತಗಿರಿ ಪಾಲು.' ಅಷ್ಟಂದ್ಲು, ಕಣ್ಣು ಮ್ಯಾಲೆ ಮಾಡಿದ್ಲು. ಮಂಚದ ಕೆಳಗ ಲೋಟ ಇತ್ತು, ಖಾಲಿ. ಆ ಲೋಟ ತಂದಿಟ್ಟಾಕಿ ದಸ್ತಗಿರಮ್ಮ. ಮರಿ ಇಂಕೇಮನುಕೋವಾಲಿ, ನಾನು ಇನ್ನೇನು ತಿಳಕೋಬೇಕು?"

"ಆಗ ನೀವು ಮದಿವ್ಯಾಗಿ ಬಂದು ಎಷ್ಟು ದಿನ ಆಗಿತ್ತು?"

"ದಿನಾ ಏನು, ಮೈಮ್ಯಾಲಿನ ಅರಿಶಿಣ ಇನ್ನೂ ಹೋಗಿದ್ದಿಲ್ಲ. ರಾಜಮಂಡ್ರಿ ಬಿಟ್ಟು ಮೊದಲನೆ ಸಲ ರೈಲು ಹತ್ತಿದಾಕಿ."

"ಕನ್ನಡ?"

"ಒಕ್ಕ ಮುಕ್ಕ ವಸ್ತೇ ಒಟ್ಟು, ಒಂದು ಮಾತೂ ಬರ್ತಿದ್ದಿಲ್ಲ!" ಪ್ರೇಮಾಬಾಯಿಗೆ ನಗು ಬಂತು. "ನಮ್ಮತ್ತಿ 'ಎದ್ದು ಬಾ' ಅಂದ್ರ, ನಮ್ಮ ತೆಲುಗಿನಾಗ ಎದ್ದು ಅಂದ್ರ ಎತ್ತಲ್ಲಾ, ಎತ್ತು ಎಲ್ಲಿ ಬಂತು ಅಂತ ಅಂಗಳಕ್ಕ ಹೋಗಿ ನೋಡಿ ಬಂದಾಕಿ ನಾನು."

ರಾಘಣ್ಣನೂ ನಕ್ಕ. ನಕ್ಕಿದ್ದು ತುಟಿಯಲ್ಲೇ ನಿಂತಿತು. ಪೆಡಲೂ ನಿಂತಿತು.

"ಸುಭದ್ರಮ್ಮ ನಿಮ್ಮ ಜೋಡಿ ಯಾವ ಮಾತಾಡ್ತಿದ್ರು?"

"ನನ್ನ ಜೋಡಿ ತೆಲುಗು, ಪಾಪ, ನನಗ ತಿಳೀಲಂತ. ಆಕಿ ನಾಗಲದಿನ್ನೆ ಊರಿನ ಮಗಳು. ಮನಿ ಮಾತು ಕನ್ನಡ."

"ಸಾಯೋ ಗಳಿಗ್ಯಾಗ ನಿಮ್ಮ ಮಾರಿ ನೋಡಿ ಮಾತಾಡಿದ್ರೇನು?"

ಪ್ರೇಮಾಬಾಯಿ ಕಣ್ಣು ಮುಚ್ಚಿ ಆ ಕೋಣೆಗೆ ಹೋಗಿ ಬಂದಳು. "ಇಲ್ಲ. ನಮ್ಮ ಅಧ್ಯಕ್ಷಿ ಅನ್ನಪೂರ್ಣಕ್ಕನ ಕಡೆ ನೋಡಿ ಅಂದ್ಲು. ಅಕ್ಕ ತಲೆದೆಸಿಗೆ ಕೂತು ಬೀಸಣಿಕಿ ಬೀಸ್ತಿದ್ಲು."

"ಅನ್ನಪೂರ್ಣಕ್ಕನ ಜೋಡಿ ಸುಭದ್ರಮ್ಮ ಯಾವ ಮಾತಾಡ್ತಿದ್ರು?"

"ಕನ್ನಡಾನೇ..."

"ಈಗ ನೀವು ನನಗಿಂತ ಚಲೋ ಕನ್ನಡ ಮಾತಾಡ್ತೀರಿ," ರಾಘಣ್ಣ ಮೆಲ್ಲಗೆ ಹೇಳಿದ. "ನೀವ ಹೇಳ್ರಿ. ಕನ್ನಡದಾಗ ಪಾಲು ಅಂದ್ರ ಏನು?"

"ಪಾಲು ಅಂಟೆ... ಭಾಗ. ವಾಟಾ." ಆಕೆ ಗೋಡೆಗೊರಗಿದಂತೆಯೇ ಜಾರಿ ನೆಲದ ಮೇಲೆ ಕೂತಳು. "ಮಾ ವೈಪು ಪಾಲಂಟೆ ತಾಗೇವೇ, ರಾಘಣ್ಣಾ. ನಮ್ಮ ತೆಲುಗಿನಾಗ ಕುಡಿಯೋ ಹಾಲು. ಕಣ್ಮುಂದ ಲೋಟ ಬ್ಯಾರೆ ಇತ್ತು. ಅಯ್ಯೋ ರಾಮಾ!"

ಆಮೇಲಿನ ವರ್ಷಗಳಲ್ಲಿ ಆಕೆ ಕನ್ನಡದಲ್ಲಿ ಸಂತೆ ಮಾಡಿದ್ದಳು, ಭಾಷಣ ಮಾಡಿದ್ದಳು, ಜೋಗುಳ ಹಾಡಿದ್ದಳು. ಆ ಎರಡು ಪದವನ್ನು ಮಾತ್ರ ತೆಲುಗಿನಲ್ಲೇ ಗಂಟು ಕಟ್ಟಿ ಇಟ್ಟುಬಿಟ್ಟಿದ್ದಳು. ಇವತ್ತು ಬಿಚ್ಚಿದರೆ ಒಳಗೆ ಬೇರೆಯೇ ಇತ್ತು.

"ನನ್ನ ಒಂದು ಮಾತಿಗೆ ಆಕಿ ಬಾಳು..."

"ನೀವು ಕೇಳಿದ್ದು ಸರಿ, ತಿಳಕೊಂಡಿದ್ದು ತಪ್ಪು. ಹೊಸ ಸೊಸಿ, ಭಾಷಾ ಬರಲಾರದಾಕಿ, ನಿಮ್ಮನ್ನ ಬೈಯಂಗಿಲ್ಲ." ರಾಘಣ್ಣ ಎದ್ದ. "ಆದ್ರ ಆ ಕೋಣ್ಯಾಗ ಕನ್ನಡ ಬರೋ ಕಿವಿ ಇನ್ನೊಂದು ಜೊತಿ ಇದ್ವು. ಅವು ಯಾಕ ಸುಮ್ಮನಿದ್ವು?"

ಪಡಸಾಲೆಯ ಕಡಪ ಬಂಡೆಯ ಮೇಲೆ ದಸ್ತಗಿರಮ್ಮ ಕೂತಿದ್ದಳು. ಒಳಗೆ ಹೋಗುವ ಹೆಂಗಸರು ಆಕೆಯನ್ನು ಬಳಸಿ ಹೋಗುತ್ತಿದ್ದರು, ನೆಲಕ್ಕೆ ಚೆಲ್ಲಿದ ಎಣ್ಣೆಯನ್ನು ಬಳಸಿ ಹೋಗುವಂತೆ.

ತಲೆಯ ಮೇಲೆ ಸಮಾಜದ ಬೋರ್ಡು. ಆದೋನಿ ಬಳ್ಳಾರಿ ಜಿಲ್ಲೆಯಿಂದ ಕರ್ನೂಲು ಜಿಲ್ಲೆಗೆ ಸೇರಿದ ಮೇಲೆ ಅದರ ಮೇಲೆ ತೆಲುಗು ಬರೆಸಿದ್ದರು. ಬಣ್ಣ ತೆಳುವಾದಲ್ಲಿ ಹಳೆಯ ಕನ್ನಡ ಇಣುಕುತ್ತಿತ್ತು. ಎರಡು ಲಿಪಿಯೂ ಅಕ್ಕತಂಗಿಯರಂತಿದ್ದುದರಿಂದ ಯಾವ ಕೊಂಬು ಯಾರದೆಂದು ಹೇಳುವುದು ಕಷ್ಟ.

"ಏನ್ ವಕೀಲಪ್ಪಾ," ದಸ್ತಗಿರಮ್ಮ ಎಲೆಯಡಿಕೆ ಒಂದು ದವಡೆಗೆ ಸರಿಸಿದಳು, "ಒಳಗ ಯಾರ ದನಿ ತೆಗದು ಕುಣಿಸ್ತಿದ್ದಿ? ನಿನ್ನ ಸ್ವಂತ ದನಿ ಯಾವುದಂತ ನಿನಗರ ನೆನಪೈತೇನು?"

ರಾಘಣ್ಣನಿಗೆ ಆ ಹೆಸರಿತ್ತು. ಮುನ್ಸೀಫರ ಕೆಮ್ಮಿನಿಂದ ಹಿಡಿದು ಹತ್ತಿ ಹರಾಜಿನ ಕೂಗಿನ ತನಕ ಯಾರ ದನಿಯನ್ನಾದರೂ ಗಂಟಲಿನಿಂದ ತೆಗೆಯಬಲ್ಲ. ಹಾಗಾಗಿ ಅವನಿಗೆ ಕಕ್ಷಿದಾರರಿಗಿಂತ ಪ್ರೇಕ್ಷಕರೇ ಹೆಚ್ಚು.

"ನನ್ನ ದನಿಗೆ ಫೀಸು ಯಾರೂ ಕೊಡಂಗಿಲ್ಲ, ದಸ್ತಗಿರವ್ವಾ. ಅದಕ್ಕ ಮಂದಿದು ತಗೋತೀನಿ."

"ನಗಸಬ್ಯಾಡ, ರಸ ಸೀರಿಮ್ಯಾಲೆ ಬಿದ್ದೀತು." ಆಕೆ ನಗಲಿಲ್ಲ. "ಆ ಸಾಲು ತೆಗಿತಾರೇನು?"

"ತೆಗಸ್ತೀನಿ. ಸಮಾಜ ಕಟ್ಟಿದವರೊಳಗ ನಿನ್ನ ಹೆಸರೂ ಹಾಕಸ್ತೀನಿ."

"ಹೆಸರು ತಗೊಂಡು ನಾ ಏನು ಮಾಡಲೆಪ್ಪಾ? ಸುಭದ್ರಕ್ಕ ನಾನು ಓಣಿ ಓಣಿ ತಿರುಗಿ, ಗಿರಣಿ ಹೆಂಗಸರನ್ನ ಬಾಣಂತನಕ್ಕ ಇಲ್ಲಿಗೆ ಕರಕೊಂಡು ಬಂದದ್ದು ಹೆಸರಿಗೇನು? ಗೋನೆಗಂಡ್ಲದಾಗ ಅಳೋ ಕೂಸಿಗೆ ಒಂದು ಗುಟುಕು ನೀರು ಹಾಕಾಕ ಹೋದ್ರ, ಅವ್ರವ್ವ ಓಡಿ ಬಂದು ಲೋಟ ಮೂಸಿ ನೋಡ್ತಾಳ. ಬಾಯಿಬಿಟ್ಟು ಏನೂ ಅನ್ನಂಗಿಲ್ಲ. ಮೂಸತಾಳ ಅಷ್ಟ. ನಾ ಸಾಯೋದ್ರಾಗ ಅದೊಂದು ನಿಲ್ಲಬೇಕು."

ರಾಘಣ್ಣ ಒಳಗೆ ನಡೆದ. ಅವನು ಅಧ್ಯಕ್ಷರ ಕೋಣೆಯ ಬಾಗಿಲು ತಟ್ಟಿದ.

ಅಧ್ಯಕ್ಷೆ ಅನ್ನಪೂರ್ಣಾಬಾಯಿ ಕನ್ನಡಕ ಒರೆಸುತ್ತ ನಿಂತಿದ್ದಳು. ಮಠದ ಮನೆತನ, ನೆಟ್ಟಗಿನ ಬೆನ್ನು, ಅಳೆದು ಆಡುವ ಮಾತು. ಸಮಾಜದಲ್ಲಿ ಆಕೆಯ ಗಡಿಯಾರವನ್ನು ಬಿಟ್ಟು ಬೇರೆ ಗಡಿಯಾರಕ್ಕೆ ಬೆಲೆಯಿರಲಿಲ್ಲ.

"ಸಭಾ ಸುರು ಆಗೋ ಹೊತ್ತು, ರಾಘಣ್ಣ. ನಿನ್ನ ನಾಟಕಾ ನಾಳೆ ಆಡು."

"ನಾಳೆ ಅಚ್ಚಾಗಿರ್ತದ, ಬಾಯವ್ರೆ." ಅವನು ಬಾಗಿಲು ಮುಚ್ಚಿದ. "ಸುಭದ್ರಮ್ಮ ಕಡೀಗೆ ಏನಂದ್ರು?"

"ಪ್ರೇಮಾ ಹೇಳ್ಯಾಳಲ್ಲ."

"ಪ್ರೇಮಕ್ಕ ತೆಲುಗಿನಾಗ ಕೇಳ್ಯಾರ. ನೀವು ಯಾವುದ್ರಾಗ ಕೇಳಿದ್ರಿ?"

ಕನ್ನಡಕ ಒರೆಸುವ ಕೈ ಒಂದು ಕ್ಷಣ ತಡೆದು ಮತ್ತೆ ಸಾಗಿತು. "ಹಳೀ ಮಾತು. ಮರತೇನಿ."

"ಮರೆತಿದ್ರ ನೆನಪು ಮಾಡಿಕೊಡ್ತೀನಿ."

ರಾಘಣ್ಣ ಗೋಡೆಯ ಕಡೆ ತಿರುಗಿದ. ಹೈಸ್ಕೂಲಿನಲ್ಲಿದ್ದಾಗ ಅವನು ಸುಭದ್ರಮ್ಮನ ಭಾಷಣ ಕೇಳಿದ್ದ. ಹೆಸರು ಕರೆಯುವಾಗ ಕೊನೆಯಲ್ಲಿ ಎಳೆಯುವ ಆಕೆಯ ದನಿಯನ್ನು ಅಣಕಿಸಿ ಗೆಳೆಯರನ್ನು ನಗಿಸಿದ್ದ. ಇಷ್ಟು ವರ್ಷದ ಮೇಲೆ ಅದು ಗಂಟಲಿಗೆ ಬರುತ್ತದೋ ಇಲ್ಲವೋ ಎಂದು ಅವನಿಗೇ ಅನುಮಾನವಿತ್ತು.

ಬಂತು. ಸ್ವಲ್ಪ ಒಡೆದ, ಸ್ವಲ್ಪ ದಣಿದ, ಹೆಣ್ಣು ದನಿ.

"ಅನ್ನಪೂರ್ಣೀ... ದಸ್ತಗಿರಿ ಪಾಲು... ದಸ್ತಗಿರಿ ಪಾಲು."

ಕನ್ನಡಕ ಕಡಪ ಬಂಡೆಯ ನೆಲಕ್ಕೆ ಬಿದ್ದು ಒಡೆಯಿತು.

"ಬ್ಯಾಡ!" ಅನ್ನಪೂರ್ಣಾಬಾಯಿ ಎರಡೂ ಕಿವಿ ಮುಚ್ಚಿಕೊಂಡಿದ್ದಳು. "ಆ ದನಿ ಬ್ಯಾಡ, ರಾಘಣ್ಣ. ನಿನ್ನ ಕಾಲಿಗೆ ಬೀಳ್ತೀನಿ."

ಅವನು ತಿರುಗಲಿಲ್ಲ. ತಿರುಗಿದರೆ ಮರುಕ ಬಂದೀತೆಂಬ ಭಯ.

"ಪಾಲು ಅಂದ್ರ ಹಾಲಲ್ಲ ಅಂತ ನಿಮಗ ಆಗಲೇ ಗೊತ್ತಿತ್ತು."

"ಗೊತ್ತಿತ್ತು." ಆಕೆ ಕುರ್ಚಿಯಲ್ಲಿ ಕೂತಳು. "ಮನಿ ಸುಭದ್ರಾನದು. ಮುಂದಿನ ಹಾಲು ಸಮಾಜಕ್ಕ, ಹಿಂದಿನ ಬಾಣಂತಿ ಕೋಣಿ ದಸ್ತಗಿರಿಗೆ ಅಂತ ಮೊದಲಿಂದ ಹೇಳ್ತಿದ್ಲು. ಸಾಯೋವಾಗನೂ ಅದನ್ನ ಹೇಳಿದ್ಲು. ಆಕಿ ಪಾಲು ಆಕಿಗೆ ಕೊಡು ಅಂತ."

"ಆ ಕೋಣಿ ಉಳೀಲಂತ ಬಾಯಿ ಮುಚ್ಚಿದ್ರಿ."

"ಕೋಣಿ!" ಅನ್ನಪೂರ್ಣಾಬಾಯಿಯ ದನಿಯಲ್ಲಿ ಮೊದಲ ಸಲ ಸಿಟ್ಟು ಬಂತು. "ಕಲ್ಲು ಮಣ್ಣಿಗೆ ನಾ ಬಾಯಿ ಮುಚ್ಚಿದ್ನೇನು? ನೀ ಹುಡುಕಿದ್ದಿಷ್ಟೇನು?"

"ಮತ್ತ?"

ಹೊರಗೆ ಹಾಲಿನಲ್ಲಿ ಜಮಖಾನ ಹಾಸುವ ಸದ್ದು, ಹೆಂಗಸರ ಗಲಗಲ. ಆಕೆ ಬಾಗಿಲಿನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು.

"ಆ ಲೋಟದ ಹಾಲು ಸುಭದ್ರಾ ಕುಡೀಲೇ ಇಲ್ಲ."

ರಾಘಣ್ಣ ಈಗ ತಿರುಗಿದ.

"ದಸ್ತಗಿರಿ ಇಟ್ಟು ಹೋದ್ಲು. ಆಕಿಗೆ ವಾಕರಿಕೆ, ಸೇರ್ಲಿಲ್ಲ. ನನ್ನ ಕಡೆ ಸರಿಸಿದ್ಲು. 'ನೀನರ ಕುಡಿ, ಹೊಟ್ಟ್ಯಾಗಿನ ಕೂಸಿಗೆ ಬೇಕು' ಅಂದ್ಲು. ಬಸುರಿ ನಾನು. ಅವತ್ತು ಏಕಾದಶಿ. ನಮ್ಮನ್ಯಾಗ ಹನಿ ನೀರೂ ಮುಟ್ಟೋ ಹಂಗಿಲ್ಲ. ಬಿಸಿಲು, ಕಣ್ಣು ಕತ್ತಲಿ ಬರ್ತಿತ್ತು. ಕುಡದೆ, ರಾಘಣ್ಣ. ಏಕಾದಶಿ ದಿವಸ, ದಸ್ತಗಿರಿ ಮುಟ್ಟಿ ತಂದ ಹಾಲು, ನಿಂತ ನಿಲುವಿನ್ಯಾಗ ಗಟಗಟ ಕುಡದೆ."

"ಅದಕ್ಕ ಹೇಳ್ಲಿಲ್ಲ."

"ಹಾಲಿನ್ಯಾಗ ಏನೂ ಇಲ್ಲ ಅಂದ್ರ, ನಿನಗ ಹೆಂಗ ಗೊತ್ತು ಅಂತ ಕೇಳ್ತಿದ್ರು. ನಮ್ಮತ್ತಿ ಮುಂದ ಏನು ಹೇಳ್ಲಿ? ಒಂದು ದಿನ ಸುಮ್ಮನಿದ್ದೆ. ಆಮ್ಯಾಲೆ, ಸುಮ್ಮನಿದ್ದದ್ದು ಗೊತ್ತಾಗಬಾರದಂತ ಸುಮ್ಮನಿದ್ದೆ."

ಏಕಾದಶಿಯ ಉಪವಾಸ ಒಂದು ದಿನದ್ದು. ಅದನ್ನು ಮುರಿದದ್ದಕ್ಕೆ ಮಾಡಿದ ಮೌನದ ಉಪವಾಸಕ್ಕೆ ಪಾರಣೆಯೇ ಬಂದಿರಲಿಲ್ಲ.

"ಹೊರಗ ದಸ್ತಗಿರವ್ವ ಕೂತಾಳ," ರಾಘಣ್ಣ ಹೇಳಿದ. ಈ ಸಲ ಅವನದೇ ದನಿ. "ಆಕಿ ಕೈಯಾಗಿನ ನೀರನ್ನ ಮಂದಿ ಇವತ್ತಿಗೂ ಮೂಸಿ ನೋಡ್ತಾರ. ಆಕಿನ್ನ ಬಿಡಿಸೋ ಸಾಕ್ಷಿ ಜಗತ್ತಿನಾಗ ನೀವೊಬ್ರೇ."

ಅನ್ನಪೂರ್ಣಾಬಾಯಿ ಒಡೆದ ಕನ್ನಡಕವನ್ನು ದಾಟಿ, ಬಾಗಿಲು ತೆರೆದು ನಡೆದಳು.

ಹಾಲು ತುಂಬಿತ್ತು. ಸುಭದ್ರಮ್ಮ ಸತ್ತಂದಿನಿಂದ ಆ ಹಾಲಿನಲ್ಲಿ ಯಾರೂ ಹಾಲಿನ ಮಾತೆತ್ತಿರಲಿಲ್ಲ. ಸಭೆಗೆ ಪಾನಕ, ಮಜ್ಜಿಗೆ, ಏನಾದರೂ ಸರಿ. ಹಾಲು ಮಾತ್ರ ಇಲ್ಲ.

ಪ್ರಾರ್ಥನೆಗೆ ಎದ್ದ ಹುಡುಗಿಯನ್ನು ಕೈಸನ್ನೆಯಿಂದ ಕೂರಿಸಿ ಅಧ್ಯಕ್ಷೆ ತಾನೇ ನಿಂತಳು.

"ನಮ್ಮ ಚರಿತ್ರಿದಾಗ ಒಂದು ಸಾಲು ಸುಳ್ಳದ," ಎಂದಳು. "ಆ ದಿವಸದ ಹಾಲು ಸುಭದ್ರಾ ಕುಡೀಲಿಲ್ಲ. ನಾ ಕುಡದೆ. ಏಕಾದಶಿ ದಿವಸ. ಹೇಳಾಕ ಅಂಜಿ, ಒಬ್ಬ ಹೆಣ್ಣುಮಗಳ ಬಾಳು ಹಾಳು ಮಾಡ್ದೆ. ಅದ್ರಾಗ ವಿಷ ಇದ್ದಿದ್ರ ಇವತ್ತು ನಿಮ್ಮ ಮುಂದ ನಾ ನಿಂತಿರ್ತಿದ್ದಿಲ್ಲ. ದಸ್ತಗಿರಮ್ಮಂದು ಏನೂ ತಪ್ಪಿಲ್ಲ."

ಪ್ರೇಮಾಬಾಯಿ ಅಳುತ್ತಲೇ ಪಡಸಾಲೆಗೆ ಓಡಿ, ದಸ್ತಗಿರಮ್ಮನ ಕೈ ಹಿಡಿದು ಒಳಗೆ ಕರೆತಂದಳು. ಹೆಂಗಸರು ಸರಿದು ದಾರಿ ಮಾಡಿದರು. ಈ ಸಲ ಬಳಸಿಕೊಂಡಲ್ಲ, ಎದ್ದು ನಿಂತು.

ರಾಘಣ್ಣ ಬಾಗಿಲಿನ ಬಳಿ ಹಣೆಯ ಬೆವರು ಒರೆಸಿಕೊಂಡ. ಕೇಸು ಮುಗಿಯಿತು ಅನ್ನಿಸಿತು ಅವನಿಗೆ.

ಎಲ್ಲರೂ ದಸ್ತಗಿರಮ್ಮ ಅಳುತ್ತಾಳೆಂದು ಕಾದರು. ಆಕೆ ಅಳಲಿಲ್ಲ. ಹುಬ್ಬು ಗಂಟಿಕ್ಕಿ ಅಧ್ಯಕ್ಷೆಯ ಮುಖವನ್ನೇ ನೋಡುತ್ತಿದ್ದಳು, ಎಷ್ಟೋ ಬಾಣಂತಿಯರ ಮುಖವನ್ನು ಓದಿದ ಕಣ್ಣಿನಿಂದ.

"ಅನ್ನಪೂರ್ಣವ್ವಾ, ಆ ಹಾಲು ಕುಡಿದಾಗ ನೀವು ಬಸುರಿ ಇದ್ರಿ."

"ಹೂಂ."

"ಮರುದಿನಾನೇ ನನ್ನ ಊರು ಬಿಡಿಸಿದ್ರು. ಆಮ್ಯಾಲೆ ನಿಮಗ ಗಂಡಾತೋ ಹೆಣ್ಣಾತೋ ನನಗ ಗೊತ್ತೇ ಆಗ್ಲಿಲ್ಲ." ದನಿ ತಗ್ಗಿತು. "ಕೂಸು ಏನಾತವ್ವಾ?"

"ಉಳೀಲಿಲ್ಲ," ಅನ್ನಪೂರ್ಣಾಬಾಯಿ ಹೇಳಿದಳು. "ಅವತ್ತ ಸಂಜಿಗೆ ನನಗ ಹೊಟ್ಟಿ ಹಿಡಕೊಂಡು ತಿರುವಿತು. ವಾಂತಿ ಮ್ಯಾಲೆ ವಾಂತಿ. ಹೊಟ್ಟ್ಯಾಗ ಕೂಸು ಅಲುಗೋದು ನಿಂತುಬಿಡ್ತು. ಏಕಾದಶಿ ಮುರದದ್ದಕ್ಕ ದೇವರು ಕೊಟ್ಟ ಶಿಕ್ಷಾ ಅಂತ ನಾನು..."

ತನ್ನ ಬಾಯಿಂದ ಬಂದದ್ದನ್ನು ಆಕೆ ಆಗಷ್ಟೇ ಕೇಳಿಸಿಕೊಂಡಂತಿತ್ತು.

ರಾಘಣ್ಣನ ಕರವಸ್ತ್ರ ಹಣೆಯ ಮೇಲೇ ಉಳಿಯಿತು. ಒಬ್ಬಳು ಮಾತಿನ ಭಾಷೆಯನ್ನು ತಪ್ಪು ತಿಳಿದಿದ್ದಳು. ಇನ್ನೊಬ್ಬಳು ನೋವಿನ ಭಾಷೆಯನ್ನು ತಪ್ಪು ತಿಳಿದಿದ್ದಳು. ವಿಷವನ್ನು ಪಾಪವೆಂದು ಓದಿಕೊಂಡು ಇಷ್ಟು ವರ್ಷ ಜಪ ಮಾಡಿದ್ದಳು.

"ಹಂಗಾದ್ರ ಹಾಲಿನ್ಯಾಗ ವಿಷ ಇದ್ದದ್ದು ಖರೇನೇ ಆತಲ್ಲ!" ಹಿಂದಿನಿಂದ ಯಾರೋ ಕೂಗಿದರು.

ಎದ್ದು ನಿಂತಿದ್ದ ಹೆಂಗಸರು ಒಬ್ಬೊಬ್ಬರೇ ದಸ್ತಗಿರಮ್ಮನಿಂದ ದೂರ ಸರಿದರು. ರಾಘಣ್ಣ ಗುಂಪು ಸೀಳಿಕೊಂಡು ಆಕೆಯ ಬಳಿ ಬಂದ.

"ದಸ್ತಗಿರವ್ವಾ, ಇನ್ನೊಂದು ಮಾತೂ ಆಡಬ್ಯಾಡ. ನಿನ್ನ ವಕೀಲ ಹೇಳ್ತೀನಿ."

"ಆಡಬೇಕಪ್ಪಾ. ಕೂಸು ಹೋಗೈತಿ." ಆಕೆ ಅವನನ್ನು ಪಕ್ಕಕ್ಕೆ ಸರಿಸಿದಳು. "ಬೆಳಿಗ್ಗಿ ಒಂದು ಲೋಟ ಸುಭದ್ರಕ್ಕಗ ನಾನೇ ತಲಿ ಎತ್ತಿ ಕುಡಿಸಿದ್ದೆ. ಮಧ್ಯಾಹ್ನದ್ದು ನೀವು ಕುಡಿದ್ರಿ. ಎರಡೂ ಒಂದೇ ತಂಬಿಗಿ ಹಾಲು. ಈ ಕೈಯಿಂದನೇ ತಂದೆ."

ಸಭೆಯಲ್ಲಿ ಗದ್ದಲ ಎದ್ದಿತು. ದಸ್ತಗಿರಮ್ಮ ದನಿ ಏರಿಸಲಿಲ್ಲ, ಕಾದಳು. ಗದ್ದಲ ತಾನೇ ಇಳಿಯಿತು.

"ನನ್ನ ಗುಡಿಸಲದಾಗ ಎಮ್ಮಿ ಎಲ್ಲಿತ್ತು, ಆಕಳೆಲ್ಲಿತ್ತು? ಹಾಲು ಎಲ್ಲಿಂದ ತಂದಿ ಅಂತ ಅವತ್ತಿಂದ ಇವತ್ತಿನ ತನಕ ಒಬ್ರೂ ಕೇಳ್ಲಿಲ್ಲ. ತಂಬಿಗಿ ತುಂಬಿ ನನ್ನ ಕೈಗೆ ಕೊಟ್ಟಾಕಿ ಬ್ಯಾರೆ. 'ನೀನೇ ಕುಡಸು, ನನ್ನ ಹೆಸರು ಹೇಳಬ್ಯಾಡ' ಅಂತ ಆಣಿ ಹಾಕಿಸಿಕೊಂಡು ಕೊಟ್ಟಿದ್ಲು. ಪುಣ್ಯಾನ ಗುಟ್ಟಾಗಿ ಮಾಡೋ ಹೆಣ್ಣುಮಗಳು ಅಂದ್ಕೊಂಡೆ. ಹಾಲಿನ್ಯಾಗ ಏನೂ ಇಲ್ಲಂತ ನಂಬಿದ್ದೆನಲ್ಲಾ, ನನ್ನ ಜೋಡಿ ಆಕಿ ಬಾಳೂ ಯಾಕ ಕೆಡಬೇಕಂತ ಇಷ್ಟು ದಿನ ಬಾಯಿ ಬಿಡಲಿಲ್ಲ."

"ಯಾರವ್ವಾ ಆಕಿ?" ರಾಘಣ್ಣ ಕೇಳಿದ.

"ಇಲ್ಲೇ ಕೂತಾಳ." ದಸ್ತಗಿರಮ್ಮ ಯಾರ ಕಡೆಗೂ ನೋಡಲಿಲ್ಲ, ನೆಲ ನೋಡುತ್ತಿದ್ದಳು. "ಹೆಸರು ಹೇಳಿದ್ರ ನನಗ ಮಾಡಿದ್ದೇ ಆಕಿಗೂ ಮಾಡ್ತೀರಿ. ಕೇಳಂಗಿಲ್ಲ, ಹೇಳಗೊಡಂಗಿಲ್ಲ, ಬೆಳಗಾಗೋದ್ರಾಗ ಊರು ಬಿಡಸ್ತೀರಿ. ಅದು ಹೆಂಗಿರ್ತೈತಿ ಅಂತ ಈ ಮನ್ಯಾಗ ನನಗೊಬ್ಬಾಕಿಗೇ ಗೊತ್ತು. ಕೂಸು ಕಳಕೊಂಡಾಕಿ ನೀವು, ಅನ್ನಪೂರ್ಣವ್ವಾ. ನೀವೇ ಹೇಳ್ರಿ. ಹೆಸರು ಹೇಳ್ಲೇನು?"

ಅನ್ನಪೂರ್ಣಾಬಾಯಿ ಮೇಜಿನ ಅಂಚು ಹಿಡಿದು, ಮುಂದಿನ ಸಾಲಿನಿಂದ ಹಿಂದಿನ ಸಾಲಿನ ತನಕ ಒಂದೊಂದೇ ಮುಖ ನೋಡುತ್ತ ಹೋದಳು. ತನ್ನ ಮನೆಯ ಅರಿಶಿಣ ಕುಂಕುಮಕ್ಕೆ ಬಂದ ಮುಖಗಳು. ಸತ್ತ ಕೂಸಿಗಾಗಿ ತನ್ನ ಜೊತೆ ಕೂತು ಅತ್ತ ಮುಖಗಳು.

"ಪ್ರೇಮಾ, ಬಾಗಿಲಾ ಹಾಕು," ಎಂದಳು. "ಚಿಲಕಾನೂ ಹಾಕು. ಈ ಸಲ ಕೇಳ್ತೀವಿ. ಯಾರೂ ಊರು ಬಿಡಂಗಿಲ್ಲ."